ಗೋದಾಮಿನ ಮೂಗು

ಹೋದ ವರ್ಷ ಸಂಕ್ರಾಂತಿ ಮುಗಿದ ಎರಡನೆಯ ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ, ಶಿರಾಳಕೊಪ್ಪದ ಹೊರಗಿನ ಒಂದು ಗೋವಿನಜೋಳದ ಗೋದಾಮಿನ ಬಾಗಿಲು ತೆರೆಯಿತು. ನಾಲ್ವರು ಹಮಾಲರು ಒಳಗೆ ಹೋದರು. ಹತ್ತಕ್ಕೆ ಹತ್ತು ನಿಮಿಷ ಇರುವಾಗ ಅವರಲ್ಲಿ ಒಬ್ಬನನ್ನು ಉಳಿದ ಮೂವರು ಹೊರಗೆ ಹೊತ್ತು ತಂದರು.

ಎರಡು ಹೊತ್ತುಗಳನ್ನೂ ಬರೆದುಕೊಂಡವನು ನಾನೇ. ಆಗ ಬೆಳಗಿನ ಪಾಳಿಯಲ್ಲಿ ಆ ಗೋದಾಮಿನ ಗೇಟಿನ ಪುಸ್ತಕ ನನ್ನ ಕೈಯಲ್ಲಿತ್ತು. ಮಧ್ಯಾಹ್ನದ ಮೇಲೆ ಜಿಲ್ಲೆಯ ಒಂದು ಪತ್ರಿಕೆಗೆ ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ. ಪತ್ರಿಕೆಯ ಹಳಬರು ನನಗೆ ಕಲಿಸಿದ್ದು ಮುಖ್ಯವಾಗಿ ಒಂದೇ ಪಾಠ: ಕಂಡದ್ದನ್ನು ಕಂಡದ್ದೆಂದು ಬರೆ, ಕೇಳಿದ್ದನ್ನು ಕೇಳಿದ್ದೆಂದು ಬರೆ, ಎರಡನ್ನೂ ಕಲಸಬೇಡ. ಗೇಟಿನ ಪುಸ್ತಕಕ್ಕೂ ಅದೇ ಸಾಕಾಗುತ್ತಿತ್ತು. ಯಾವ ಲಾರಿ, ಯಾವ ಮನುಷ್ಯ, ಎಷ್ಟು ಹೊತ್ತಿಗೆ ಒಳಗೆ, ಎಷ್ಟು ಹೊತ್ತಿಗೆ ಹೊರಗೆ. ದಿನಾ ಕೆಟಲು ಹಿಡಿದು ಬರುವ ಚಹಾದ ಅಕ್ಕನನ್ನೂ ಬರೆಯದೆ ಬಿಡುತ್ತಿರಲಿಲ್ಲ.

"ದಿನಾ ನನ್ನನ್ನೇ ಬರೆದು ಬರೆದು ನಿಮಗೆ ಬೇಜಾರಾಗಲ್ವಾ ಮಾರಾಯ್ರೆ" ಎಂದು ಅವರು ಕೇಳುತ್ತಿದ್ದರು. ಗುಡವಿ ಅವರ ತವರು. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ 'ಮಾರಾಯ್ರೆ' ಹೋಗಿರಲಿಲ್ಲ. ಹಮಾಲರು ಅದನ್ನು ಅವರೆದುರಿಗೇ ಅನುಕರಿಸುತ್ತಿದ್ದರು. ಅಕ್ಕ ಅಂಥವರ ಲೋಟಕ್ಕೆ ಒಂದು ಬೆರಳು ಕಡಿಮೆ ಸುರಿಯುತ್ತಿದ್ದರು.

ಗೋವಿನಜೋಳ ಒಣಗಿಸಿ ಚೀಲಕ್ಕೆ ತುಂಬಿಟ್ಟರೆ ಎರಡು ತಿಂಗಳಲ್ಲಿ ಹುಳ ಹತ್ತುತ್ತದೆ. ಚೀಲದ ಪಕ್ಕ ಕಿವಿಯಿಟ್ಟರೆ ಒಳಗೆ ಸಣ್ಣಗೆ ಕುಟ್ಟುವ ಸದ್ದು ಕೇಳುತ್ತದೆ. ಹಾಗೆ ಕೇಳಿಸಿತೆಂದರೆ ದಾವಣಗೆರೆ ಕಡೆಯಿಂದ ಒಬ್ಬರು ಬರುತ್ತಿದ್ದರು. ನಾವು ಅವರನ್ನು ಗುಳಿಗೆಯವರು ಎನ್ನುತ್ತಿದ್ದೆವು. ಚೀಲದ ರಾಶಿಯ ನಡುನಡುವೆ ಬೂದುಬಣ್ಣದ ಗುಳಿಗೆಗಳನ್ನಿಟ್ಟು, ಇಡೀ ರಾಶಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಅಂಚಿನ ಮೇಲೆ ಮರಳು ತುಂಬಿದ ಉದ್ದನೆಯ ಬಟ್ಟೆಚೀಲಗಳನ್ನು ಹಾವಿನಂತೆ ಮಲಗಿಸಿ, ಬಾಗಿಲ ಸಂದಿಗೆ ಕಾಗದ ಅಂಟಿಸಿ ಹೋಗುತ್ತಿದ್ದರು. ಗಾಳಿಯ ತೇವ ತಾಗಿದರೆ ಗುಳಿಗೆ ಗ್ಯಾಸಾಗುತ್ತದೆ. ಹುಳ ಸಾಯುತ್ತದೆ. ಮನುಷ್ಯನಾದರೂ ಸಾಯುತ್ತಾನೆ ಎಂದು ಬಾಗಿಲಿಗೆ ಅಂಟಿಸಿದ ತಲೆಬುರುಡೆಯ ಚಿತ್ರ ಹೇಳುತ್ತಿತ್ತು.

ಅದೇ ಕಾಗದದ ಕೆಳಗೆ ಇನ್ನೊಂದು ಸಾಲಿತ್ತು. ಏಳು ದಿನದ ನಂತರ ಬಾಗಿಲು ತೆರೆಯುವಾಗಲೂ ತಮ್ಮನ್ನೇ ಕರೆಯಬೇಕು, ಮೀಟರಿನಲ್ಲಿ ನೋಡದೆ ಒಳಗೆ ಹೋಗಬಾರದು ಎಂದು. ಬಾಗಿಲು ತೆರೆಯುವುದಕ್ಕೆ ಅವರನ್ನು ಕರೆದದ್ದು ನನ್ನ ಪುಸ್ತಕದಲ್ಲಿಲ್ಲ. ಮಾಲೀಕರ ವಾದ ಸರಳವಾಗಿತ್ತು: ಇಡುವುದಕ್ಕೆ ಅವರು ಬೇಕು ಸರಿ, ತೆಗೆಯುವುದಕ್ಕೆ ನಮ್ಮ ಮೇಸ್ತ್ರಿ ಇದ್ದಾರಲ್ಲ.

ಹಮಾಲರ ಮೇಸ್ತ್ರಿಗೆ ಅರವತ್ತು ದಾಟಿತ್ತು. ಮೊಣಕಾಲು ಸವೆದು ಚೀಲ ಹೊರುವುದನ್ನು ಬಿಟ್ಟು ಎಂಟು ವರ್ಷವಾಗಿತ್ತು. ಆದರೂ ಅವರಿಗೆ ಕೆಲಸವಿತ್ತು, ಅದಕ್ಕಿಂತ ಹೆಚ್ಚಾಗಿ ಸ್ಥಾನವಿತ್ತು. ಅದು ಅವರ ಮೂಗಿನಿಂದ ಬಂದದ್ದು. ಗುಳಿಗೆಯ ಗ್ಯಾಸಿಗೆ ಬೆಳ್ಳುಳ್ಳಿಯನ್ನೂ ಕೊಳೆತ ಮೀನನ್ನೂ ಕೂಡಿಸಿದಂಥ ವಾಸನೆ. ಏಳನೆಯ ದಿನ ಷಟರನ್ನು ಒಂದು ಮೊಳ ಮೇಲೆತ್ತುತ್ತಿದ್ದರು. ಮೇಸ್ತ್ರಿ ಹೆಗಲ ಟವೆಲು ತೆಗೆದು ಪಕ್ಕದವನ ಕೈಗೆ ಕೊಟ್ಟು, ಒಂದು ಚಿಟಿಕೆ ನಶ್ಯ ಏರಿಸಿ, ಸೀನಿ, ಮೂಗು ಒರೆಸಿಕೊಂಡು, ಬಗ್ಗಿ, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದರು. ಅಷ್ಟು ಹೊತ್ತು ಯಾರೂ ಮಾತಾಡುವಂತಿಲ್ಲ. ಆಮೇಲೆ ಎರಡರಲ್ಲಿ ಒಂದು ತೀರ್ಪು. "ಇನ್ನೊಂದು ತಾಸು" ಅಥವಾ "ಹೂಂ, ಹೋಗ್ರಪ್ಪ".

ನಶ್ಯದಿಂದ ಮೂಗು ಚುರುಕಾಗುತ್ತದೆಯೋ ಮಂಕಾಗುತ್ತದೆಯೋ ಎಂಬ ಚರ್ಚೆ ಮಾತ್ರ ಆಗಾಗ ನಡೆಯುತ್ತಿತ್ತು. ಚುರುಕಾಗುತ್ತದೆ ಎನ್ನುವವರೇ ಹೆಚ್ಚು. ಅವರಿಗೆ ಸಾಕ್ಷಿಯೂ ಇತ್ತು. ಒಂದು ಸಲ ಷಟರು ಎತ್ತಿದಾಗ ನಮಗಾರಿಗೂ ಏನೂ ಗೊತ್ತಾಗಲಿಲ್ಲ. ಮೇಸ್ತ್ರಿ ಮಾತ್ರ ಬಾಗಿಲು ಇಳಿಸಿ, ಮಧ್ಯಾಹ್ನದವರೆಗೆ ಯಾರನ್ನೂ ಒಳಗೆ ಬಿಡಲಿಲ್ಲ. ಲಾರಿಯ ಚಾಲಕ ಬೈದ. ಮೇಸ್ತ್ರಿ ಜಗ್ಗಲಿಲ್ಲ. ಎಂಥ ಸೂಕ್ಷ್ಮ ಮೂಗು ಎಂದು ಎಲ್ಲರೂ ತಲೆದೂಗಿದರು. ಆವತ್ತು ಪಕ್ಕದ ಕಟ್ಟೆಯ ಹತ್ತಿರ ಒಣಮೀನಿನ ಒಂದು ಗಾಡಿ ನಿಂತಿದ್ದುದು ನನಗೆ ನೆನಪಿದೆ. ಆಗ ಅದನ್ನು ಇದಕ್ಕೆ ಜೋಡಿಸುವ ಕಾರಣ ಕಾಣಲಿಲ್ಲ.

ಗುಳಿಗೆ ತೆಗೆದ ದಿನ ಎಲ್ಲರಿಗೂ ತಲೆನೋವು ಬರುತ್ತಿತ್ತು. ಅದಕ್ಕೆ ಗೋದಾಮಿನ ತಲೆನೋವು ಎಂದೇ ಹೆಸರು. ಒಬ್ಬ ದೂಳಿಗೆ ಬರುತ್ತದೆ ಎಂದ, ಒಬ್ಬ ಖಾಲಿ ಹೊಟ್ಟೆಗೆ ಎಂದ. ಮದ್ದಿನಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ: ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು ಒಳಗೆ ಹೋಗುವುದು, ಹೊರಗೆ ಬಂದು ನಿಂಬೆಹುಳಿ ಹಿಂಡಿದ ಚಹಾ ಕುಡಿಯುವುದು. ಕೆಲವರಿಗೆ ಸಂಜೆವರೆಗೂ ಹೊಟ್ಟೆ ತೊಳಸುತ್ತಿತ್ತು. ಮಾರನೆಯ ದಿನ ಎಲ್ಲರೂ ಕೆಲಸಕ್ಕೆ ಬರುತ್ತಿದ್ದರು, ಹಾಗಾಗಿ ಅದನ್ನು ಕಾಯಿಲೆ ಎಂದು ಯಾರೂ ಕರೆಯಲಿಲ್ಲ. ಷಟರಿನ ಪಕ್ಕದಲ್ಲಿ ಪುಸ್ತಕ ಹಿಡಿದು ನಿಲ್ಲುವ ನನಗೂ ಬರುತ್ತಿತ್ತು. ನಾನೂ ಬೆಲ್ಲ ತಿಂದಿದ್ದೇನೆ.

ಆ ಸೋಮವಾರ ಚಹಾದ ಅಕ್ಕ ಒಂಬತ್ತೂ ಐದಕ್ಕೆ ಬಂದರು. ಷಟರನ್ನು ಮೊಳದಷ್ಟು ಎತ್ತಿಯಾಗಿತ್ತು. ಎಂದಿನಂತೆ ಮೇಸ್ತ್ರಿ ಅವರನ್ನು ಹತ್ತಿರ ಕರೆದು ಮೊದಲ ಲೋಟ ತಾವು ತೆಗೆದುಕೊಂಡರು. ಆಮೇಲೆ ನಶ್ಯ, ಸೀನು, ಬಗ್ಗುವುದು, ಕಣ್ಣು ಮುಚ್ಚುವುದು. ಒಂಬತ್ತೂಕಾಲಿಗೆ "ಹೂಂ, ಹೋಗ್ರಪ್ಪ".

ಮೊದಲು ಮೇಲೆ ಹತ್ತಿದವನು ಬಳ್ಳಿಗಾವಿಯವನು. ನಾಲ್ವರಲ್ಲಿ ಗಟ್ಟಿಗ ಅವನೇ, ಬಾಯಿಯೂ ಅವನದೇ. ರಾಶಿಯ ತುದಿಗೆ ಹತ್ತಿ ಪ್ಲಾಸ್ಟಿಕ್ ಹೊದಿಕೆಯನ್ನು ಮಡಚುವುದು ಅವನ ಪಾಲಿನ ಕೆಲಸ. ಅಲ್ಲಿಂದಲೇ ಕೆಳಗಿನವರನ್ನು ಗೇಲಿ ಮಾಡುತ್ತಿದ್ದ. ನಾನು ಹೊರಗೆ ಲಾರಿಯ ನಂಬರು ಬರೆದುಕೊಳ್ಳುತ್ತಿದ್ದೆ. ಒಳಗೆ ಅವನ ಮಾತು ನಿಂತದ್ದು ನನಗೆ ಗೊತ್ತಾಯಿತು. ಅವನ ಮಾತು ನಿಲ್ಲುವುದು ಊಟದ ಹೊತ್ತಿನಲ್ಲಿ ಮಾತ್ರ. ಆಮೇಲೆ ಒಬ್ಬ ಕೂಗಿದ. ಹೊರಗೆ ತಂದಾಗ ಬಳ್ಳಿಗಾವಿಯವನು ವಾಂತಿ ಮಾಡುತ್ತಿದ್ದ, ಕೆಮ್ಮುತ್ತಿದ್ದ, ಎದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅವನ ತುಟಿಗೆ ಬಣ್ಣವಿರಲಿಲ್ಲ. ಇದು ಕಂಡದ್ದು.

ಮಾಲೀಕರಿಗೆ ಫೋನು ಮಾಡಿದೆ. ಬಿಸಿಲು ಹೊಡೆದಿರಬೇಕು, ಮಜ್ಜಿಗೆ ಕೊಡಿ ಎಂದರು. ಪುಷ್ಯ ಮಾಸದ ಬೆಳಿಗ್ಗೆ, ಹತ್ತು ಗಂಟೆಯೂ ಆಗಿರಲಿಲ್ಲ. ನಾನು ಸ್ವೆಟರು ಹಾಕಿಕೊಂಡೇ ಇದ್ದೆ. ಅವರ ಮಾತು ಮುಗಿಯುವಷ್ಟರಲ್ಲಿ ಒಂದು ಸರಕಿನ ಆಟೋ ಸಿಕ್ಕಿತ್ತು. ಅವನ ಜೊತೆ ಮಿಕ್ಕ ಮೂವರೂ ಮೇಸ್ತ್ರಿಯೂ ನಾನೂ ಹೊರಟೆವು. ಹೊರಡುವಾಗ ಬಾಗಿಲಿಗೆ ಅಂಟಿಸಿದ್ದ ತಲೆಬುರುಡೆಯ ಕಾಗದವನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಅದರಲ್ಲಿ ಗುಳಿಗೆಯ ಹೆಸರು ಇಂಗ್ಲಿಷಿನಲ್ಲಿತ್ತು.

ಶಿಕಾರಿಪುರದ ಆಸ್ಪತ್ರೆಯಲ್ಲಿದ್ದವರು ಒಬ್ಬ ಹೆಣ್ಣುಮಗಳು, ಚಿಕ್ಕ ವಯಸ್ಸಿನ ಡಾಕ್ಟರು. ಆ ಕಾಗದ ನೋಡಿದ ಕೂಡಲೇ ಅವರ ಕೈ ಚುರುಕಾಯಿತು. ಬಳ್ಳಿಗಾವಿಯವನ ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿಸಿ, ಇಸಿಜಿ ತೆಗೆಸಿ, ಉಳಿದ ಮೂವರನ್ನೂ ಸಾಲಾಗಿ ಕೂರಿಸಿ ಪರೀಕ್ಷೆ ಮಾಡಿದರು. ಈ ಗ್ಯಾಸಿಗೆ ಪ್ರತಿಮದ್ದು ಇಲ್ಲ ಎಂದರು. ಈಗ ಚೆನ್ನಾಗಿದ್ದಂತೆ ಕಂಡವರಿಗೂ ಒಂದೆರಡು ದಿನದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಬಹುದು, ಆದ್ದರಿಂದ ಇವನು ಇಲ್ಲೇ ಇರಬೇಕು, ಮಿಕ್ಕವರಿಗೆ ಉಸಿರು ಕಟ್ಟಿದಂತಾದರೆ ತಡಮಾಡದೆ ಬರಬೇಕು. ತಲೆನೋವು ಯಾವಾಗಿನಿಂದ ಎಂದು ಕೇಳಿದರು. ಇವತ್ತಿನದೇ ಎಂದು ಒಬ್ಬ ಹೇಳಿದ. ಹಿಂದೆ ಬಂದಿತ್ತಾ ಎಂದು ಕೇಳಿದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಳಿಗೆ ತೆಗೆದಾಗಲೆಲ್ಲ ಬರುತ್ತದಲ್ಲ ಎಂದ ಇನ್ನೊಬ್ಬ, ಮಳೆಗಾಲದಲ್ಲಿ ಮಳೆ ಬರುತ್ತದಲ್ಲ ಎನ್ನುವ ಧಾಟಿಯಲ್ಲಿ. ಬೆಲ್ಲದ ಸಂಗತಿಯನ್ನೂ ಹೇಳಿದ. ಡಾಕ್ಟರು ಬೆಲ್ಲದ ಬಗ್ಗೆ ಏನೂ ಬರೆದುಕೊಳ್ಳಲಿಲ್ಲ.

"ಗ್ಯಾಸ್ ಹೋಗಿದೆ ಅಂತ ಯಾವ ಮೀಟರಲ್ಲಿ ನೋಡಿದ್ರಿ?" ಎಂದು ಕೇಳಿದರು.

ಮೇಸ್ತ್ರಿ ಫ್ಯಾನು ನೋಡುತ್ತಿದ್ದರು. ಹಾಸಿಗೆಯಲ್ಲಿದ್ದ ಬಳ್ಳಿಗಾವಿಯವನು ಮುಸುಕಿನೊಳಗಿಂದಲೇ ಕೈಯೆತ್ತಿ ಮೇಸ್ತ್ರಿಯ ಮೂಗಿಗೆ ಬೆರಳು ತೋರಿಸಿದ.

ಮಧ್ಯಾಹ್ನ ಚಹಾದ ಅಕ್ಕ ಬಸ್ಸು ಹತ್ತಿ ಬಂದರು, ಒಂದು ಫ್ಲಾಸ್ಕು, ಒಂದು ಚೀಲ ಮಂಡಕ್ಕಿ. ಸುದ್ದಿ ತಿಳಿದು ಬಂದಿದ್ದ ಬಳ್ಳಿಗಾವಿಯವನ ಹೆಂಡತಿಯ ಪಕ್ಕದಲ್ಲಿ ಕೂತು ಸಮಾಧಾನ ಹೇಳಿ, ನಮಗೆಲ್ಲ ಲೋಟ ತುಂಬಿದರು. ಚಹಾದಲ್ಲಿ ಶುಂಠಿ ಗಂಟಲು ಸುಡುವಷ್ಟಿತ್ತು. ಒಬ್ಬ ಹಾಗೆಂದ.

"ಶುಂಠಿ ಜಾಸ್ತಿ ಆಯ್ತಾ? ಎಂತ ಮಾಡೋದು, ಮೂರು ದಿನದಿಂದ ನೆಗಡಿ. ಮೂಗು ಪೂರ್ತಿ ಕಟ್ಟಿದೆ ಮಾರಾಯ್ರೆ. ಹಾಲು ಸೀದರೂ ಗೊತ್ತಾಗ್ತಾ ಇಲ್ಲ" ಎಂದರು ಅಕ್ಕ.

ಮೇಸ್ತ್ರಿ ಲೋಟವನ್ನು ಕಿಟಕಿಯ ಮೇಲಿಟ್ಟರು. ಕುಡಿದಿರಲಿಲ್ಲ. ಎದ್ದು ಹೊರಗೆ ಹೋಗಿ, ಕಾಂಪೌಂಡಿನ ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕೂತರು. ಅವರಿಗೂ ಉಸಿರು ಕಟ್ಟಿತೇನೋ ಎಂದು ನಾನು ಹಿಂದೆಯೇ ಹೋದೆ.

"ಸಾರ್, ನನಗ ವಾಸನಿ ಬರಂಗಿಲ್ಲ" ಎಂದರು.

ಯಾವಾಗಿನಿಂದ ಎಂದು ಕೇಳಿದೆ.

"ಮೂರು ವರ್ಷ ಆತು. ಒಂದು ಜ್ವರ ಬಂದಿತ್ತಲ್ಲ, ಆವಾಗ ಹೋಗಿದ್ದು ಹೊಳ್ಳಿ ಬರಲಿಲ್ಲ. ನಶ್ಯ ಏರಿಸಿದ್ರ ಸೀನು ಬರ್ತದ, ವಾಸನಿ ಬರಂಗಿಲ್ಲ."

ಹಾಗಾದರೆ ಮೂರು ವರ್ಷ ಬಾಗಿಲಲ್ಲಿ ಏನು ನೋಡಿ ಹೇಳುತ್ತಿದ್ದಿರಿ ಎಂದೆ.

"ಆ ತಂಗಿ ಸೆರಗು ನೋಡಿ."

ಆಮೇಲೆ ಬಿಡಿಸಿ ಹೇಳಿದರು. ಷಟರು ಎತ್ತಿದಾಗ ಅಕ್ಕನನ್ನು ಚಹಾದ ನೆಪದಲ್ಲಿ ಹತ್ತಿರ ಕರೆಯುತ್ತಿದ್ದರು. ಅಕ್ಕ ಸೆರಗನ್ನು ಮೂಗಿಗೆ ಹಿಡಿದರೆ ಇನ್ನೊಂದು ತಾಸು. ಹಿಡಿಯದಿದ್ದರೆ ಹೋಗ್ರಪ್ಪ. ಅಕ್ಕನ ಮೂಗು ಬಲು ನಾಜೂಕು, ಮೂರು ವರ್ಷ ಒಂದು ಸಲವೂ ತಪ್ಪಿರಲಿಲ್ಲ ಎಂದರು. ಒಣಮೀನಿನ ಗಾಡಿ ನನಗೆ ಆಗ ನೆನಪಾಯಿತು.

ಹಮಾಲರಿಗಾದರೂ ಹೇಳಬಹುದಿತ್ತಲ್ಲ ಎಂದು ಕೇಳಿದೆ. ಮೇಸ್ತ್ರಿ ಮೊಣಕಾಲು ಮುಟ್ಟಿ ತೋರಿಸಿದರು. ಮೂಗು ಇಲ್ಲ ಎಂದರೆ ಬಾಗಿಲಲ್ಲಿ ನಿಲ್ಲುವ ಕೆಲಸವಿಲ್ಲ. ಗೋದಾಮಿನಲ್ಲಿ ಮಿಕ್ಕಿದ್ದು ಚೀಲದ ಕೆಲಸ. ಅದು ಆಗುವುದಿಲ್ಲ. ಮನೆಗೆ ಹೋಗಬೇಕು.

"ಮನಿಗೆ ಹೋದ್ರ ಯಾರು ನನ್ನ ಮೇಸ್ತ್ರಿ ಅಂತಾರ್ರಿ?" ಎಂದರು. ಆಮೇಲೆ, ಬಳ್ಳಿಗಾವಿಯವನು ಎದ್ದು ಕೂರುವವರೆಗೆ ತಾವು ಈ ಕಲ್ಲಿನಿಂದ ಏಳುವುದಿಲ್ಲ, ಎದ್ದ ಮೇಲೆ ಎಲ್ಲರೆದುರಿಗೂ ತಾವೇ ಹೇಳುತ್ತೇವೆ, ಅಲ್ಲಿಯವರೆಗೆ ನಾನು ಬಾಯಿ ಬಿಡಬಾರದು ಎಂದರು. ಕಲ್ಲಿನ ಮಾತನ್ನು ಪೂರ್ತಿ ನಡೆಸಲಿಲ್ಲ. ಸಂಜೆ ಚಳಿ ಬಿದ್ದಾಗ ವರಾಂಡಕ್ಕೆ ಬಂದರು.

ಮಾರನೆಯ ಬೆಳಿಗ್ಗೆ ನಾನು ಗೇಟಿನ ಪುಸ್ತಕವನ್ನು ಹಿಂದಕ್ಕೆ ತಿರುವಿದೆ. ಗುಳಿಗೆ ತೆಗೆದ ದಿನಗಳಲ್ಲಿ ಎರಡು ಹೊತ್ತುಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ: ಚಹಾ ಬಂದದ್ದು, ಬಾಗಿಲು ತೆರೆದದ್ದು. ಚಹಾ ಬರುವ ಮೊದಲು ಬಾಗಿಲು ತೆರೆದದ್ದು ಒಮ್ಮೆಯೂ ಇರಲಿಲ್ಲ. ಗುಡವಿಯಲ್ಲಿ ನಾಮಕರಣವೆಂದು ಅಕ್ಕ ಮಧ್ಯಾಹ್ನ ಬಂದ ದಿನ ಬಾಗಿಲು ತೆರೆದದ್ದೂ ಮಧ್ಯಾಹ್ನವೇ. ಪ್ರತಿ ಸಾಲನ್ನೂ ನನ್ನ ಕೈಯಿಂದಲೇ ಬರೆದಿದ್ದೆ. ಓದಿರಲಿಲ್ಲ ಅಷ್ಟೆ.

ಬಳ್ಳಿಗಾವಿಯವನನ್ನು ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. ಎರಡನೆಯ ದಿನ ಉಸಿರು ಮತ್ತೆ ಕೆಟ್ಟಿತು, ಡಾಕ್ಟರು ಹೇಳಿದ್ದಂತೆಯೇ. ಮೂರನೆಯ ದಿನ ಸುಧಾರಿಸಿತು. ಗುರುವಾರ ಮನೆಗೆ ಕಳಿಸಿದರು. ಒಂದು ತಿಂಗಳು ಚೀಲ ಮುಟ್ಟಬಾರದು, ಮೆಟ್ಟಿಲು ಹತ್ತುವಾಗ ದಮ್ಮು ಬಂದರೆ ಕೂತು ಹತ್ತಬೇಕು ಎಂದು ಹೇಳಿ ಕಳಿಸಿದರು. ಶನಿವಾರ ಅವನು ಹೆಂಡತಿಯ ಮಾತು ಮೀರಿ ಗೋದಾಮಿಗೆ ಬಂದ. ಬಿಟ್ಟುಹೋದ ಚಪ್ಪಲಿ ತೆಗೆದುಕೊಳ್ಳುವುದಕ್ಕೆ ಎಂದ.

ಆವತ್ತೇ ಮಾಲೀಕರು ಗುಳಿಗೆಯವರನ್ನು ಕರೆಸಿದ್ದರು. ಅರ್ಧ ಖಾಲಿಯಾದ ಗೋದಾಮಿನ ಮುಂದೆ ಎಲ್ಲರೂ ನಿಂತಿದ್ದೆವು. ಗುಳಿಗೆಯವರ ಕೈಯಲ್ಲಿ ಮೊಬೈಲಿಗಿಂತ ತುಸು ದಪ್ಪನೆಯ ಒಂದು ಮೀಟರಿತ್ತು, ಅದಕ್ಕೊಂದು ಉದ್ದ ಕೊಳವೆ. ಅವರು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಟವೆಲು ಕೈಯಲ್ಲಿ ಹಿಡಿದು ಮುಂದೆ ಬಂದರು. ನನಗೆ ಹೇಳಿದ್ದನ್ನೇ ಹೇಳಿದರು, ಸೆರಗಿನ ಸಮೇತ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮೊದಲು ಮಾತಾಡಿದವರು ಚಹಾದ ಅಕ್ಕ. "ಹಾಗಾದ್ರೆ ಮೂರು ವರ್ಷದಿಂದ ಈ ಗೋದಾಮಿಗೆ ಮೂಗು ನಂದಾ? ಚಹಾ ಚೆನ್ನಾಗಿದೆ ಅಂತ ಮೊದಲ ಲೋಟಕ್ಕೆ ಕರೀತೀರಿ ಅಂದ್ಕಂಡಿದ್ದೆನಲ್ಲ ಯಜಮಾನ್ರೆ."

"ಚಹಾನೂ ಚಲೋನೇ ಇರ್ತಿತ್ತು ತಂಗಿ" ಎಂದರು ಮೇಸ್ತ್ರಿ.

ಒಬ್ಬಿಬ್ಬರು ನಕ್ಕರು. ಮಾಲೀಕರು ನಗಲಿಲ್ಲ. ಇಷ್ಟು ದಿನ ಮೋಸ ಮಾಡಿದಂತಾಯಿತು, ಇನ್ನು ಬಾಗಿಲ ಹತ್ತಿರ ಇವರ ಕೆಲಸವೇನೂ ಇಲ್ಲ, ಚೀಲ ಹೊರುವುದಾದರೆ ಇರಲಿ, ಇಲ್ಲವಾದರೆ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಲಿ ಎಂದರು. ಅದನ್ನು ಮರ್ಯಾದೆಯಿಂದಲೇ ಹೇಳಿದರು. ಮೇಸ್ತ್ರಿ ತಲೆಯಾಡಿಸಿ ಟವೆಲು ಹೆಗಲಿಗೆ ಹಾಕಿಕೊಂಡರು.

ಆಗ ಗುಳಿಗೆಯವರು ಗಂಟಲು ಸರಿಮಾಡಿಕೊಂಡು, ಒಂದು ವಿಷಯ ಎಂದರು. ಈ ಗ್ಯಾಸಿನ ಲೆಕ್ಕದಲ್ಲಿ ಮೂಗು ಚೆನ್ನಾಗಿದ್ದರೂ ಅಷ್ಟೆ, ಕೆಟ್ಟಿದ್ದರೂ ಅಷ್ಟೆ. ಕೆಲವರಿಗೆ ವಾಸನೆ ಗೊತ್ತಾಗುವ ಹೊತ್ತಿಗೆ ಅಪಾಯದ ಗೆರೆ ದಾಟಿರುತ್ತದೆ. ಕೆಲವು ಸಲ ಕಾಳು ವಾಸನೆಯನ್ನು ಹೀರಿಕೊಂಡು ಗ್ಯಾಸನ್ನು ಹಾಗೇ ಬಿಟ್ಟಿರುತ್ತದೆ. ಬಾಗಿಲಲ್ಲಿ ಏನೂ ಇರುವುದಿಲ್ಲ, ಹೊದಿಕೆ ಎತ್ತಿದರೆ ಒಳಗೆ ತುಂಬಿರುತ್ತದೆ. ಬಳ್ಳಿಗಾವಿಯವನಿಗೆ ಆದದ್ದು ಅದೇ ಇರಬಹುದು. ಅಕ್ಕನಿಗೆ ನೆಗಡಿ ಇಲ್ಲದಿದ್ದರೂ ಆಗಬಹುದಿತ್ತು. ಮೂರು ವರ್ಷ ಏನೂ ಆಗದೆ ಉಳಿದದ್ದು ಯಾರ ಮೂಗಿನಿಂದಲೂ ಅಲ್ಲ ಎಂದರು. ಅದೂ ಆ ತಲೆನೋವುಗಳನ್ನು ಏನೂ ಆಗಿಲ್ಲವೆಂದು ಲೆಕ್ಕ ಹಾಕಿದರೆ ಮಾತ್ರ, ಅವೂ ಗ್ಯಾಸಿನವೇ ಎಂದು ಸೇರಿಸಿದರು. ಮೀಟರು ಇಲ್ಲೇ ಇರಲಿ, ತೆರೆಯುವ ದಿನ ತಾವೂ ಬರುತ್ತೇವೆ; ಗೋದಾಮಿನ ಕಡೆಯಿಂದ ಒಬ್ಬರು ಇದನ್ನು ಹಿಡಿಯಲು ಕಲಿತು ಗಂಟೆಗೊಮ್ಮೆ ನೋಡಬೇಕು, ಯಾರು ಎಂದು ಹೇಳಿ ಎಂದರು.

ಮಾಲೀಕರು ನನ್ನ ಕಡೆ ನೋಡಿದರು. ಹಮಾಲರಲ್ಲಿ ಒಬ್ಬ ಓದಿದವನಿದ್ದ, ಕೆಲವರು ಅವನ ಕಡೆ ನೋಡಿದರು.

ಬಳ್ಳಿಗಾವಿಯವನು ಚಪ್ಪಲಿ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತಿದ್ದ. ಅವನ ಮಾತು ಮೊದಲಿನಷ್ಟು ಉದ್ದ ಬರುತ್ತಿರಲಿಲ್ಲ. ನಡುವೆ ಉಸಿರು ತೆಗೆದುಕೊಳ್ಳಬೇಕಿತ್ತು.

"ನಮ್ಮ ಮೇಸ್ತ್ರಿ ಮಾವನ ಕೈಗೇ ಕೊಡ್ರಿ" ಎಂದ.

ಒಳಗೆ ಬಿದ್ದವನು ನೀನೇ ಅಲ್ಲವೇನಪ್ಪ ಎಂದು ಮಾಲೀಕರು ಕೇಳಿದರು.

"ಅದಕ್ಕಂತನೇ ಹೇಳ್ತಿರೋದು. ಮೂಗು ಇದ್ದವ್ರ ಕೈಗೆ ಕೊಟ್ರ, ಲಾರಿಯವ ಹಾರ್ನ್ ಹೊಡದ ಕೂಡ್ಲೆ ಮೀಟರ್ ಬಿಟ್ಟು ವಾಸನಿ ನೋಡಿ, ಏನಿಲ್ಲ ಹೋಗ್ರಿ ಅಂತಾರ." ಉಸಿರು ತೆಗೆದುಕೊಂಡ. "ಇವ್ರಿಗೆ ಮೀಟರ್ ಬಿಟ್ರ ಬ್ಯಾರೆ ಗತಿ ಇಲ್ಲ. ನಾನಂತೂ ಇವ್ರು ಹೇಳಿದ್ರಷ್ಟ ಒಳಗ ಹೋಗಾಂವ."

ಮಾಲೀಕರು ಗುಳಿಗೆಯವರನ್ನು ನೋಡಿದರು. ಗುಳಿಗೆಯವರು ಮೀಟರನ್ನು ಮೇಸ್ತ್ರಿಯ ಕೈಗೆ ಕೊಟ್ಟು, ಇದು ಗುಂಡಿ, ಇಲ್ಲಿ ಅಂಕಿ ಬರುತ್ತದೆ, ಸೊನ್ನೆ ಬರುವವರೆಗೆ ಬಾಗಿಲಿಲ್ಲ ಎಂದು ತೋರಿಸತೊಡಗಿದರು. ಮೇಸ್ತ್ರಿ ಅಭ್ಯಾಸಬಲದಿಂದ ಮೊದಲು ನಶ್ಯದ ಡಬ್ಬಿಗೆ ಕೈಹಾಕಿದರು. ಆಮೇಲೆ ಅದನ್ನು ಒಳಗಿಟ್ಟರು.

ನಾನು ಪತ್ರಿಕೆಗೆ ನಾಲ್ಕು ಸಾಲು ಕಳಿಸಿದೆ. ಗೋದಾಮಿನಲ್ಲಿ ಗ್ಯಾಸು ಸೋಂಕಿ ಒಬ್ಬ ಅಸ್ವಸ್ಥ, ಮೂವರಿಗೆ ಪ್ರಥಮ ಚಿಕಿತ್ಸೆ. ಒಳಪುಟದಲ್ಲಿ ಬಂತು. ಗೇಟಿನ ಪುಸ್ತಕವನ್ನೂ ಸುದ್ದಿಯನ್ನೂ ಒಬ್ಬನೇ ಬರೆಯುವುದು ಸರಿಯಲ್ಲ ಎಂದು ಮಾಲೀಕರಿಗೂ ಅನ್ನಿಸಿತ್ತು, ನನಗೂ ಅನ್ನಿಸಿತ್ತು. ತಿಂಗಳ ಕೊನೆಗೆ ಪುಸ್ತಕವನ್ನು ಆ ಓದಿದ ಹಮಾಲನ ಕೈಗೆ ಕೊಟ್ಟೆ. ಈಗಲೂ ಶಿರಾಳಕೊಪ್ಪಕ್ಕೆ ಹೋದರೆ ಅಲ್ಲಿ ಚಹಾ ಕುಡಿದು ಬರುತ್ತೇನೆ. ಗೇಟಿನಲ್ಲಿ ನನ್ನ ಹೆಸರೂ ಹೊತ್ತೂ ಬರೆದುಕೊಳ್ಳುತ್ತಾರೆ.

ಬಳ್ಳಿಗಾವಿಯವನು ಈಗ ಚೀಲದ ಬಾಯಿ ಹೊಲಿಯುತ್ತಾನೆ. ರಾಶಿ ಹತ್ತಿದರೆ ನಾಲ್ಕನೆಯ ಸಾಲಿನಲ್ಲಿ ಒಮ್ಮೆ ನಿಲ್ಲುತ್ತಾನೆ. ಗುಳಿಗೆ ತೆಗೆದ ದಿನ ಈ ವರ್ಷ ಯಾರಿಗೂ ತಲೆನೋವು ಬಂದಿಲ್ಲವಂತೆ, ಇದು ಕೇಳಿದ್ದು.

ಕಳೆದ ಗುರುವಾರ ನಾನು ಹೋದಾಗ ಏಳನೆಯ ದಿನವಾಗಿತ್ತು. ಎರಡು ಲಾರಿ ನಿಂತಿದ್ದವು. ಗುಳಿಗೆಯವರು ಬಂದು ಹತ್ತು ಗಂಟೆಗೆ ಒಮ್ಮೆ, ಹನ್ನೊಂದಕ್ಕೆ ಒಮ್ಮೆ ಮೇಸ್ತ್ರಿಯ ಜೊತೆ ಅಂಕಿ ನೋಡಿದರು. ಅಕ್ಕನ ಸೆರಗು ಹೆಗಲ ಮೇಲೆಯೇ ಇತ್ತು. ತನಗೇನೂ ಗೊತ್ತಾಗುತ್ತಿಲ್ಲ ಎಂದರು. ಮೀಟರು ಸೊನ್ನೆಗೆ ಇಳಿದಿರಲಿಲ್ಲ. ಮೇಸ್ತ್ರಿ ಷಟರು ಇಳಿಸಿದರು. ಗೇಟಿನ ಪುಸ್ತಕದ ಪ್ರಕಾರ ಬಾಗಿಲು ತೆರೆದದ್ದು ಮಾರನೆಯ ದಿನ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ.